ದೈವಕ್ಕೆ ಬೆಳ್ಳಿಯ ಸರಪಳಿ, ಗಾಡಿಗೆ ನಾರಿನ ಹಗ್ಗ

ಡೀಸೆಲ್ ಹೊಗೆಯ ವಾಸನೆ ಬಂದರೆ ಉಳಿದವರು ಮೂಗು ಮುಚ್ಚಿಕೊಳ್ಳುತ್ತಾರೆ, ನಾನು ಬಗ್ಗಿ ನೋಡುತ್ತೇನೆ. ಇದು ನನಗೆ ಅಂಟಿಕೊಂಡ ಚಟ. ಎಲ್ಲಿ ಜನರೇಟರ್ ಇದೆಯೋ ಅಲ್ಲಿ ಅದನ್ನು ಹೊತ್ತ ಟ್ರೈಲರ್ ಇರುತ್ತದೆ. ಟ್ರೈಲರ್ ಇದ್ದಲ್ಲಿ ಅದನ್ನು ಎಳೆದು ತಂದ ವಾಹನ ಇರುತ್ತದೆ. ಆ ಎರಡರ ನಡುವೆ ಇರಬೇಕಾದದ್ದು ಇದೆಯೇ ಇಲ್ಲವೇ ಎಂದು ನೋಡದೆ ನನ್ನಿಂದ ಮುಂದೆ ಹೋಗಲು ಆಗುವುದಿಲ್ಲ. ನೋಡಿದ ಮೇಲೆ ಸಾಮಾನ್ಯವಾಗಿ ತಲೆ ಕೆಡುತ್ತದೆ.

ಮೊನ್ನೆಯೂ ಹಾಗೆಯೇ ಆಯಿತು. ಮೂಡುಬಿದಿರೆಯ ಒಂದು ಹಾಲ್‌ನಲ್ಲಿ ಅದ್ರಾಮಾಕರ ಕಿರಿಯ ಮಗಳ ಮದುವೆ. ಅದ್ರಾಮಾಕ ಎಂದರೆ ಹಿಂದೆ ನಮ್ಮ ಜನರೇಟರನ್ನು ತಮ್ಮ ಜೀಪಿನ ಹಿಂದೆ ಕಟ್ಟಿಕೊಂಡು ಊರೂರು ತಿರುಗಿದವರು, ನನ್ನ ಗಂಡನ ಜೀವದ ಗೆಳೆಯ. ಇವರಿಗೆ, ಅಂದರೆ ನನ್ನ ಗಂಡನಿಗೆ, ಮಂಡಿನೋವು. "ನೀನೇ ಹೋಗಿ ಬಾ, ನನ್ನ ಪಾಲಿನ ಬಿರಿಯಾನಿಯನ್ನೂ ತಿಂದು ಬಾ" ಎಂದು ನನ್ನೊಬ್ಬಳನ್ನೇ ಕಳಿಸಿದ್ದರು. ಸಿದ್ಧಕಟ್ಟೆಯಿಂದ ಬಸ್ಸಿನಲ್ಲಿ ಹೋಗಿ ಹಾಲ್‌ನ ಗೇಟಿನೊಳಗೆ ಕಾಲಿಟ್ಟದ್ದೇ ತಡ, ಆ ವಾಸನೆ. ಹಾಲ್‌ನವರ ಸ್ವಂತ ಜನರೇಟರ್ ಕೈಕೊಟ್ಟಿತ್ತಂತೆ, ಹೊರಗಿನಿಂದ ಒಂದನ್ನು ತರಿಸಿದ್ದರು. ಒಂದು ಪಿಕಪ್, ಅದರ ಹಿಂದೆ ಎರಡು ಚಕ್ರದ ಟ್ರೈಲರ್, ಅದರ ಮೇಲೆ ಗುಡುಗುಡು ಎನ್ನುವ ಯಂತ್ರ. ಉಟ್ಟದ್ದು ರೇಷ್ಮೆ ಸೀರೆ ಎಂಬುದನ್ನೂ ಮರೆತು ಬಗ್ಗಿದೆ. ಒಂದು ಪಿನ್ನು. ಪಿನ್ನಿಗೆ ಸುತ್ತಿದ ಹಳದಿ ನೈಲಾನ್ ಹಗ್ಗ. ಮತ್ತೇನೂ ಇಲ್ಲ.

"ಯಾರಪ್ಪ ಇದರ ಡ್ರೈವರ್?" ಎಂದು ಕೇಳಿದ ನನ್ನ ಧ್ವನಿ ಒಳಗೆ ಬಿರಿಯಾನಿ ಬಡಿಸುತ್ತಿದ್ದವರಿಗೂ ಕೇಳಿಸಿರಬೇಕು.

ಆತ ಬರುವುದರೊಳಗೆ ನಿಮಗೆ ಒಂದಿಷ್ಟು ಹಿಂದಿನದ್ದನ್ನು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮದುವೆಗೆ ಬಂದ ಹೆಂಗಸು ಪಾರ್ಕಿಂಗಿನಲ್ಲಿ ಯಾಕೆ ಜಗಳಕ್ಕೆ ನಿಂತಳು ಎಂದು ನೀವೂ ಅಲ್ಲಿದ್ದವರಂತೆ ನಗಬಹುದು.

ನಾನು ಉಜಿರೆಯಿಂದ ಸಿದ್ಧಕಟ್ಟೆಗೆ ಮದುವೆಯಾಗಿ ಬಂದದ್ದು ತೊಂಬತ್ತರ ದಶಕದ ಆರಂಭದಲ್ಲಿ. ಕರೆಂಟು ಹೋದರೆ ಯಾರೂ ಆಶ್ಚರ್ಯಪಡದ, ಬಂದರೆ "ಬಂತು, ಬಂತು" ಎಂದು ಕೂಗುವ ಕಾಲ ಅದು. ಇವರ ಸಂಪಾದನೆಯೆಲ್ಲ ಆ ಕತ್ತಲೆಯಿಂದಲೇ. ಮದುವೆ, ದೈವದ ನೇಮ, ಬಯಲಾಟ, ಶಾಲೆಯ ವಾರ್ಷಿಕೋತ್ಸವ, ಎಲ್ಲಿ ಬೆಳಕು ಬೇಕೋ ಅಲ್ಲಿಗೆ ಜನರೇಟರ್, ಟ್ಯೂಬ್‌ಲೈಟು, ಮೈಕು ಬಾಡಿಗೆಗೆ ಕೊಡುವುದು. ಊರಿನವರು ಇವರನ್ನು "ಲೈಟಿನವರು" ಎನ್ನುತ್ತಿದ್ದರು. ನಾನು ಲೈಟಿನವರ ಹೆಂಡತಿ. ನಮ್ಮ ಮನೆಯಲ್ಲಿ ಮಾತ್ರ ಕರೆಂಟು ಹೋದರೆ ಚಿಮಿಣಿ ದೀಪವೇ ಗತಿ, ಯಾಕೆಂದರೆ ಜನರೇಟರ್ ವೇಣೂರಿನಲ್ಲೋ ಬೆಳ್ತಂಗಡಿಯಲ್ಲೋ ಯಾರದೋ ಚಪ್ಪರವನ್ನು ಬೆಳಗುತ್ತಿರುತ್ತಿತ್ತು.

ಆ ಯಂತ್ರದ ಮೇಲೆ ಇವರಿಗಿದ್ದ ಪ್ರೀತಿಯ ಬಗ್ಗೆ ಬರೆಯಲು ಕೂತರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ನನ್ನ ಹಳೆಯ ವಾಯಿಲ್ ಸೀರೆಗಳೆಲ್ಲ ಅದರ ಮೈ ಒರೆಸಲು ಹೋದವು. ಹಳೆಯದಾಗುವ ಮೊದಲೇ ಹೋದವೂ ಇವೆ. ನನಗೆ ಜ್ವರ ಬಂದರೆ "ಒಂದು ಮಾತ್ರೆ ತಕ್ಕೋ" ಎನ್ನುವವರು, ಅದು ಒಂದು ಸಲ ಕೆಮ್ಮಿದರೆ ಊಟ ಬಿಟ್ಟು ಎದ್ದು ಹೋಗುತ್ತಿದ್ದರು. ಪ್ರಯಾಣದಲ್ಲೂ ಅದನ್ನು ಒಂಟಿಯಾಗಿ ಬಿಡುತ್ತಿರಲಿಲ್ಲ. ಅದ್ರಾಮಾಕ ಜೀಪು ಓಡಿಸಿದರೆ, ಇವರು ಪಕ್ಕದ ಸೀಟು ಬಿಟ್ಟು ಹಿಂದಿನ ಟ್ರೈಲರ್ ಮೇಲೆ, ಜನರೇಟರಿಗೆ ಒರಗಿ, ಟ್ಯೂಬ್‌ಲೈಟಿನ ಉದ್ದನೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಹೊಂಡ ಬಂದಾಗ ಟ್ಯೂಬ್ ಒಡೆಯಬಾರದಲ್ಲ! ತಾನು ಒಡೆಯಬಹುದು ಎಂಬ ಯೋಚನೆ ಅವರಿಗೆ ಬಂದದ್ದೇ ಇಲ್ಲ.

ಈಗ ಆ ಟ್ರೈಲರ್ ಜೀಪಿಗೆ ಹೇಗೆ ಅಂಟಿಕೊಂಡಿತ್ತು ಎಂದು ಕೇಳಿ. ಟ್ರೈಲರ್‌ನ ಮುಂದೆ ಒಂದು ಉದ್ದನೆಯ ಕಬ್ಬಿಣದ ದಂಡ, ಅದರ ತುದಿಯಲ್ಲಿ ತೂತು. ಜೀಪಿನ ಹಿಂದೆ ಒಂದು ದಪ್ಪ ತಗಡು, ಅದರಲ್ಲೂ ತೂತು. ಎರಡು ತೂತನ್ನು ಸೇರಿಸಿ ಮೇಲಿನಿಂದ ಒಂದು ಪಿನ್ನು ಇಳಿಸಿದರೆ ಕೆಲಸ ಮುಗಿಯಿತು. ಪಿನ್ನು ಮೇಲಕ್ಕೆ ಹಾರದಂತೆ ಅದಕ್ಕೆ ಒಂದು ಸಣ್ಣ ಕ್ಲಿಪ್ ಇತ್ತಂತೆ, ನಾನು ಬರುವ ಮೊದಲೇ ಅದು ಎಲ್ಲೋ ಕಳೆದುಹೋಗಿತ್ತು. ಅದರ ಬದಲಿಗೆ ತೆಂಗಿನ ನಾರಿನ ಹಗ್ಗ ಸುತ್ತುತ್ತಿದ್ದರು. ಜೊತೆಗೆ ಅದ್ರಾಮಾಕ ಹೊರಡುವ ಮೊದಲು "ಬಿಸ್ಮಿಲ್ಲಾ" ಎನ್ನುತ್ತಿದ್ದರು, ಇವರು ಟ್ರೈಲರ್ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಇಷ್ಟು ಭದ್ರತೆ ಸಾಲದೇ?

ನನಗೂ ಅದು ಸಾಲದು ಎಂದು ಗೊತ್ತಿರಲಿಲ್ಲ. ಗೊತ್ತಾದದ್ದು ನನ್ನ ಸೋದರಮಾವನಿಂದ. ಮಸ್ಕತ್‌ನಲ್ಲಿ ಗಾಡಿ ಓಡಿಸುತ್ತಿದ್ದ ಅವರು ರಜೆಯಲ್ಲಿ ನಮ್ಮನ್ನು ನೋಡಲು ಬಂದವರು ಅಂಗಳದಲ್ಲಿ ಟ್ರೈಲರ್ ಕಂಡು ನಿಂತರು. "ಇದಕ್ಕೆ ಚೈನು ಎಲ್ಲಿ?" ಎಂದು ಇವರನ್ನು ಕೇಳಿದರು.

"ಎಂಥ ಚೈನು?"

"ಸೇಫ್ಟಿ ಚೈನು. ಪಿನ್ನು ಹೋದ್ರೆ ಹಿಡಿದುಕೊಳ್ಳಲಿಕ್ಕೆ ಬೇರೆ ಎಂಥ ಉಂಟು? ಅಲ್ಲಿ ಎರಡು ಚೈನು ಇಲ್ಲದಿದ್ರೆ ಪೊಲೀಸ್ ಗಾಡಿಯನ್ನು ಬಿಡುವುದೇ ಇಲ್ಲ. ಎರಡನ್ನೂ ಅಡ್ಡ ಅಡ್ಡ ಹಾಕಬೇಕು, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಪಿನ್ನು ಹಾರಿದ್ರೆ ಈ ದಂಡ ಚೈನಿನ ಮೇಲೆ ಬಂದು ಕೂತ್ಕೊಳ್ತದೆ, ರಸ್ತೆಗೆ ಕುತ್ತುವುದಿಲ್ಲ. ತಿರುವಿನಲ್ಲಿ ಬಿಗಿ ಆಗಬಾರದು, ನೆಲಕ್ಕೂ ಉಜ್ಜಬಾರದು. ಕೊಕ್ಕೆ ಹಾಕಿದ ಮೇಲೆ ಎಳೆದು ನೋಡಬೇಕು."

ಇವರು ತಲೆಯಾಡಿಸಿದರು. ಮಾವನಿಗೆ ಸೌತೆಕಾಯಿ ಕೊಟ್ಟು ಬಸ್ಸು ಹತ್ತಿಸಿ ಬಂದ ಮೇಲೆ ನನಗೆ ಹೇಳಿದ್ದು ಬೇರೆ. "ಮಸ್ಕತ್‌ನಲ್ಲಿ ರಸ್ತೆ ನೇರ ಉಂಟು, ಗಾಡಿ ಹಾರಿಕೊಂಡು ಹೋಗ್ತದೆ. ಅಲ್ಲಿಗೆ ಚೈನು ಬೇಕು. ನಮ್ಮಲ್ಲಿ ಹೊಂಡ ಬಿಟ್ಟು ರಸ್ತೆ ಎಲ್ಲಿ ಉಂಟು? ನಡೆದುಕೊಂಡು ಹೋಗುವವನೇ ನಮ್ಮಿಂದ ಮುಂದೆ ಹೋಗ್ತಾನೆ."

"ಹೊಂಡ ಇದ್ದರೆ ಅಲ್ವಾ ಪಿನ್ನು ಹಾರುವುದು?" ಎಂದೆ.

"ಇಷ್ಟರವರೆಗೆ ಹಾರಿದೆಯಾ?"

ಹಾರಿರಲಿಲ್ಲ, ನಿಜ. ಹಾರಿದ ಮೇಲೆ ಕೇಳಲು ಇವರು ಇರಬೇಕಲ್ಲ ಎಂದು ನಾಲಿಗೆಯ ತುದಿಗೆ ಬಂದದ್ದನ್ನು, ಹೊಸ ಮದುಮಗಳು ಅಂಥ ಅಪಶಕುನ ಆಡಬಾರದೆಂದು ನುಂಗಿಕೊಂಡೆ. ಆಮೇಲೆ ನಾನು ನುಂಗಿದ್ದು ಕಡಿಮೆ.

ಮುಂದಿನ ಬೇಸಗೆಯಲ್ಲೇ ಹಾರಿತು. ವೇಣೂರಿನ ಕಡೆ ಬಯಲಾಟಕ್ಕೆ ಲೈಟು ಹಾಕಿ ಬೆಳಿಗ್ಗೆ ವಾಪಸು ಬರುತ್ತಿದ್ದರು. ಒಂದು ಏರಿನಲ್ಲಿ, ಹೊಂಡಕ್ಕೆ ಚಕ್ರ ಬಿದ್ದು ಎದ್ದಾಗ, ನಾರಿನ ಹಗ್ಗ ತುಂಡಾಗಿ ಪಿನ್ನು ಮೇಲಕ್ಕೆ ಹಾರಿ ಟ್ರೈಲರ್ ಕಳಚಿಕೊಂಡಿತು. ಜೀಪು ಮೇಲೆ ಹೋಯಿತು, ನನ್ನ ಗಂಡ ಜನರೇಟರ್ ಸಮೇತ ಹಿಂದಕ್ಕೆ ಹೋದರು. ಅದ್ರಾಮಾಕರಿಗೆ ಗೊತ್ತೇ ಆಗಲಿಲ್ಲ. ಇದ್ದಕ್ಕಿದ್ದಂತೆ ಜೀಪು ಹಗುರಾಗಿ ಏರು ಹತ್ತಿದ್ದಕ್ಕೆ ಖುಷಿಯಾಗಿ, ಹೊಸದಾಗಿ ಮಾಡಿಸಿದ ಇಂಜಿನ್ ಕೆಲಸದ ಫಲ ಎಂದುಕೊಂಡು, ಡ್ಯಾಶ್‌ಬೋರ್ಡಿಗೆ ತಟ್ಟಿ ಶಹಬ್ಬಾಸ್ ಹೇಳಿದರಂತೆ! ಮೇಲೆ ಒಂದು ಹೋಟೆಲಿನ ಮುಂದೆ ನಿಲ್ಲಿಸಿ, ಹಿಂದೆ ತಿರುಗದೆ, "ಇಳೀರಿ, ಒಂದು ಚಾ ಕುಡಿಯುವ" ಎಂದರಂತೆ. ಉತ್ತರ ಬರದಿದ್ದಾಗ ನಿದ್ದೆ ಹೋಗಿರಬೇಕು ಎಂದು ಇನ್ನೊಮ್ಮೆ ಕೂಗಿದರಂತೆ. ಹೋಟೆಲಿನವನು "ಯಾರನ್ನು ಕರೆಯುವುದು ನೀವು?" ಎಂದು ಕೇಳಿದಾಗಲೇ ಅವರು ತಿರುಗಿ ನೋಡಿದ್ದು.

ಅಷ್ಟರಲ್ಲಿ ಇವರು ಇಳಿಜಾರಿನಲ್ಲಿ ಹಿಮ್ಮುಖವಾಗಿ ಹೋಗಿ, ಯಾರೋ ಮನೆ ಕಟ್ಟಿಸಲು ರಸ್ತೆಯ ಬದಿಗೆ ಇಳಿಸಿದ್ದ ಮರಳಿನ ರಾಶಿಗೆ ಹೊಕ್ಕು ನಿಂತಿದ್ದರು. ಅದ್ರಾಮಾಕ ಓಡಿ ಬಂದು ನೋಡುವಾಗ ಸೊಂಟದವರೆಗೆ ಮರಳು, ತಲೆಯ ಮೇಲೆ ಎತ್ತಿ ಹಿಡಿದ ಟ್ಯೂಬ್‌ಲೈಟಿನ ಪೆಟ್ಟಿಗೆ. "ಒಂದು ಟ್ಯೂಬೂ ಒಡೆಯಲಿಲ್ಲ ಮಾರಾಯ!" ಎಂಬುದು ಇವರ ಮೊದಲ ಮಾತು. ಮನೆಗೆ ಬಂದು ನನಗೆ ಹೇಳಿದ್ದೂ ಅದನ್ನೇ, ಅಂಗಡಿಗಳಲ್ಲಿ ಒಂದು ವರ್ಷ ಹೇಳಿಕೊಂಡು ತಿರುಗಿದ್ದೂ ಅದನ್ನೇ.

"ಹಿಂದೆ ಬಸ್ಸು ಇರ್ತಿದ್ದರೆ?" ಎಂದು ಕೇಳಿದೆ.

"ಇರಲಿಲ್ಲವಲ್ಲ" ಎಂದರು.

ಈ ಎರಡು ಸಾಲು ನಮ್ಮ ಸಂಸಾರದಲ್ಲಿ ಎಷ್ಟು ಸಲ ಬಂದು ಹೋಗಿದೆಯೋ ನನಗೇ ಲೆಕ್ಕವಿಲ್ಲ. ಊಟಕ್ಕೆ ಉಪ್ಪು ಹೆಚ್ಚಾದ ಜಗಳವೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತಿತ್ತು. ನಾನು ಬಸ್ಸನ್ನು ತರುತ್ತಿದ್ದೆ, ಅವರು ಅದನ್ನು ಇಲ್ಲವಾಗಿಸುತ್ತಿದ್ದರು.

ಇಷ್ಟಾದ ಮೇಲೆ ಮನುಷ್ಯ ಏನು ಮಾಡಬೇಕು? ಬಂಟ್ವಾಳ ಪೇಟೆಗೆ ಹೋಗಿ ಕಬ್ಬಿಣದ ಅಂಗಡಿಯಲ್ಲಿ ಚೈನು ತರಬೇಕು, ಅಲ್ಲವೇ? ಇವರು ಮೂಡುಬಿದಿರೆಗೆ ಹೋಗಿ ಬೆಳ್ಳಿಯ ಕೆಲಸದ ಆಚಾರಿಯ ಮುಂದೆ ಕೂತರು. ಮರಳಿನ ರಾಶಿಗೆ ಹೋಗುವಾಗಲೇ ಊರಿನ ದೈವಕ್ಕೆ ಹರಕೆ ಹೊತ್ತಿದ್ದರಂತೆ, ಬದುಕಿದರೆ ಬೆಳ್ಳಿಯ ಸರಪಳಿ ಒಪ್ಪಿಸುತ್ತೇನೆ ಎಂದು. ಅಂದರೆ ಆ ಹೊತ್ತಿನಲ್ಲಿ ಇವರಿಗೆ ಸರಪಳಿಯ ನೆನಪು ಸ್ಪಷ್ಟವಾಗಿಯೇ ಬಂದಿತ್ತು! ಮೊಳದುದ್ದದ ಬೆಳ್ಳಿಯ ಸರಪಳಿ, ದಪ್ಪ ಕೊಂಡಿಗಳು, ತುದಿಯಲ್ಲಿ ಕೊಕ್ಕೆ. ನನ್ನ ಸೋದರಮಾವ ಅಂಗಳದಲ್ಲಿ ನಿಂತು ವಿವರಿಸಿದ್ದನ್ನು ಒಂದೂ ಬಿಡದೆ ಆಚಾರಿಗೆ ಹೇಳಿ ಮಾಡಿಸಿದ್ದರು. ಅತ್ತ ಅದ್ರಾಮಾಕ ತಮ್ಮ ದರ್ಗಾಕ್ಕೆ ಹರಕೆ ಸಲ್ಲಿಸಿ ಬಂದು ನಮಗೂ ಪ್ರಸಾದದ ಸಕ್ಕರೆ ಕೊಟ್ಟರು. ಹೀಗೆ ಎರಡು ಕಡೆಯಿಂದ ರಕ್ಷಣೆ ಆಯಿತು. ಟ್ರೈಲರ್‌ಗೆ ಹೊಸ ನಾರಿನ ಹಗ್ಗ ಬಂತು.

ದೈವಕ್ಕೆ ಕೊಟ್ಟದ್ದರ ಬಗ್ಗೆ ನನಗೆ ತಕರಾರಿಲ್ಲ. ಆ ಬೆಳಿಗ್ಗೆ ನಾನೂ ದೈವಸ್ಥಾನದ ಕಡೆ ತಿರುಗಿ ಕೈಮುಗಿದವಳೇ. ಆದರೆ ಗಾಡಿಗೂ ಒಂದು ಹಾಕಬಹುದಲ್ಲ ಎಂದು ಕೇಳಿದಾಗ ಇವರು ಕೊಟ್ಟ ಕಾರಣ ಇದೆಯಲ್ಲ, ಅದನ್ನು ನಮ್ಮ ಕಡೆಯವರೇ ಕೊಡಬೇಕು.

"ದೈವ ನೋಡಿಕೊಳ್ತದೆ ಅಂತಲೇ ಅಲ್ವಾ ಕೊಟ್ಟದ್ದು? ಈಗ ಚೈನೂ ಹಾಕಿದರೆ ಅದರ ಮೇಲೆ ನಂಬಿಕೆ ಇಲ್ಲ ಅಂತ ಆಗ್ತದೆ. ಒಬ್ಬ ಕಾವಲುಗಾರನನ್ನು ಇಟ್ಟು, ಅವನನ್ನು ಕಾಯಲಿಕ್ಕೆ ಇನ್ನೊಬ್ಬನನ್ನು ಇಟ್ಟ ಹಾಗೆ. ಅದಕ್ಕೆ ಬೇಸರ ಬರಲಿಕ್ಕಿಲ್ವಾ?"

"ಮತ್ತೆ ಮನೆಗೆ ಬೀಗ ಯಾಕೆ ಹಾಕ್ತೀರಿ? ಅದೂ ದೈವದ ಊರಿನಲ್ಲೇ ಅಲ್ವಾ ಇರುವುದು?"

"ಮನೆ ಬೇರೆ, ಗಾಡಿ ಬೇರೆ. ನಿನಗೆ ಗೊತ್ತಾಗುವುದಿಲ್ಲ ಮಾರಾಯ್ತಿ."

ಅದ್ರಾಮಾಕರನ್ನು ಕೇಳಿದರೆ "ನಿಮ್ಮ ದೈವದ ವಿಷಯ ಅಕ್ಕ, ನಾನು ಹೇಗೆ ನಡುವೆ ಮಾತಾಡುವುದು?" ಎಂದು ಜಾರಿಕೊಂಡರು. ಅಂತೂ ಆ ಮಳೆಗಾಲ ದಾಟಿ ಮುಂದಿನ ಕಾರ್ಯಕ್ರಮಗಳ ಕಾಲ ಬಂದರೂ ನನ್ನ ಗಂಡ ನಾರಿನ ಹಗ್ಗದ ನಂಬಿಕೆಯಲ್ಲೇ ಟ್ರೈಲರ್ ಹತ್ತುತ್ತಿದ್ದರು. ಹೊರಟ ಮೇಲೆ ನನಗೆ ಕೆಲಸದಲ್ಲಿ ಮನಸ್ಸಿಲ್ಲ. ಜೀಪಿನ ಸದ್ದು ಕೇಳುವವರೆಗೆ ಒಲೆಯ ಮುಂದೆ ಕೂತು ಬೈಯುತ್ತಿದ್ದೆ. ಬಂದ ಮೇಲೆ ಎದುರು ನಿಂತು ಬೈಯುತ್ತಿದ್ದೆ. ಕಾಲು ಮುರಿದುಕೊಂಡು ಬಂದರೆ ನೋಡಿಕೊಳ್ಳಬಹುದಿತ್ತು. ನನಗೆ ಹೆದರಿಕೆ ಇದ್ದದ್ದು ಬಾರದೆಯೇ ಹೋದರೆ ಎಂದು.

ಆ ವರ್ಷದ ನೇಮದಲ್ಲಿ, ಅಂದರೆ ದೈವ ಮೈಮೇಲೆ ಬಂದು ಊರಿನವರಿಗೆ ನುಡಿ ಕೊಡುವ ರಾತ್ರಿಯಲ್ಲಿ, ನಾನು ಒಂದು ಕೆಲಸ ಮಾಡಿದೆ. ನೇಮಕ್ಕೆ ಲೈಟು ನಮ್ಮದೇ, ಇವರು ಮೂಲೆಯಲ್ಲಿ ಜನರೇಟರಿನ ಪಕ್ಕ ನಿಂತಿದ್ದರು. ಬೆಳಗಾಗುತ್ತಾ ಬಂದಿತ್ತು. ಊರಿನವರು ಒಬ್ಬೊಬ್ಬರಾಗಿ ದೈವದ ಮುಂದೆ ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು. ಬೇಲಿಯ ತಕರಾರು, ಮಗನ ವೀಸಾ, ಬತ್ತಿದ ಬಾವಿ. ನಾನು ಸೆರಗು ಸರಿಮಾಡಿಕೊಂಡು ಮುಂದೆ ಹೋದೆ. ಲೈಟಿನವರ ಹೆಂಡತಿಗೆ ಏನು ಕಷ್ಟ ಎಂದು ಎಲ್ಲರೂ ಕಿವಿ ನಿಮಿರಿಸಿದರು.

"ಬೆಳ್ಳಿಯ ಸರಪಳಿ ಒಪ್ಪಿಸಿದ್ದೇವೆ. ಇನ್ನು ಗಾಡಿಗೆ ಕಬ್ಬಿಣದ ಸರಪಳಿ ಹಾಕಿದರೆ ನಿನಗೆ ಬೇಸರವಾ? ಇವರು ಹಾಗೆ ಹೇಳ್ತಾರೆ" ಎಂದು ಕೇಳಿಬಿಟ್ಟೆ.

ದೈವದ ನುಡಿ ತುಳುವಿನಲ್ಲಿ. ಕನ್ನಡದಲ್ಲಿ ಬರೆದರೆ ಅದರ ಗತ್ತು ಬರುವುದಿಲ್ಲ, ಆದರೂ ಬರೆಯುತ್ತೇನೆ. ದೈವ ಮೂಲೆಯಲ್ಲಿದ್ದ ಇವರ ಕಡೆ ಕೈ ಚಾಚಿ ಹೇಳಿತು: "ಬೆಳ್ಳಿ ನನಗೆ ಸಂದಿದೆ. ಕಬ್ಬಿಣ ನಿನ್ನದು."

ಇವರು ಅಲ್ಲೇ ಕೈಮುಗಿದರು. ಮನೆಗೆ ಬಂದ ಮೇಲೆ ನನ್ನ ಜೊತೆ ಮಾತಿಲ್ಲ. ಊರೆಲ್ಲರ ಎದುರು ಮರ್ಯಾದೆ ತೆಗೆದೆನಂತೆ. ಹೋದರೆ ಹೋಗಲಿ ಎಂದುಕೊಂಡೆ, ಮರ್ಯಾದೆ ಹೋದ ಗಂಡನ ಜೊತೆ ಸಂಸಾರ ಮಾಡಬಹುದು. ಮರುದಿನವೇ ಅದ್ರಾಮಾಕರ ಜೀಪಿನಲ್ಲಿ ಬಂಟ್ವಾಳಕ್ಕೆ ಹೋಗಿ, ಅಂಗಡಿಯವನ ತಲೆ ತಿಂದು, ಎರಡು ಗಟ್ಟಿ ಚೈನು, ನಾಲ್ಕು ಕೊಕ್ಕೆ ತಂದೆ.

ತಂದರೆ ಮುಗಿಯಿತೇ? ನಮ್ಮ ಮನೆಗೆ ಗಟ್ಟಿ ಚೈನು ಬಂದಿದೆ ಎಂದು ಗೊತ್ತಾದದ್ದೇ ತಡ, ಅದಕ್ಕೆ ಟ್ರೈಲರ್ ಬಿಟ್ಟು ಉಳಿದೆಲ್ಲ ಕೆಲಸವೂ ಹುಟ್ಟಿಕೊಂಡಿತು. ಅತ್ತೆ ತುಂಟ ದನವನ್ನು ಅದರಲ್ಲಿ ಕಟ್ಟಿದರು. ಪಕ್ಕದ ಮನೆಯವರು ಬಾವಿಗೆ ಬಿದ್ದ ಕೊಡಪಾನ ತೆಗೆಯಲು ಒಯ್ದರು. ಇವರೇ ಸ್ವತಃ ಒಂದು ಸಲ ಮೈಕಿನ ಹಾರ್ನ್ ಮರಕ್ಕೆ ಕಟ್ಟಲು ಅದನ್ನು ಬಿಚ್ಚಿಕೊಂಡು ಹೋಗಿ, ಮರದಲ್ಲೇ ಬಿಟ್ಟು ಬಂದರು! ಚೈನು ಮರದಲ್ಲಿ, ಗಂಡ ಟ್ರೈಲರ್‌ನಲ್ಲಿ. ನನ್ನ ಸಿಟ್ಟನ್ನು ನೀವು ಊಹಿಸಿಕೊಳ್ಳಿ.

ಕೊನೆಗೆ ನಾನೇ ಒಂದು ಕ್ರಮ ಮಾಡಿದೆ. ಹೊರಡುವಾಗ ಇವರಿಗೆ ಚಾದ ಫ್ಲಾಸ್ಕು ಬೇಕು, ಎಲೆಯಡಿಕೆಯ ಚೀಲ ಬೇಕು. ಎರಡನ್ನೂ ನಾನು ಸೊಂಟಕ್ಕೆ ಆನಿಸಿಕೊಂಡು ಅಂಗಳದಲ್ಲಿ ನಿಲ್ಲುತ್ತಿದ್ದೆ. ಚೈನು ಅಡ್ಡ ಅಡ್ಡ ಹಾಕಿ, ಕೊಕ್ಕೆ ಸಿಕ್ಕಿಸಿ, ನನ್ನ ಕಣ್ಣೆದುರು ಎಳೆದು ನೋಡಿದ ಮೇಲೆಯೇ ಫ್ಲಾಸ್ಕು ಕೈ ಬದಲಾಗುತ್ತಿದ್ದದ್ದು. "ಹಾಕಿದ್ದೇನೆ" ಎಂದರೆ ಸಾಲದು. "ಎಳೆದು ನೋಡಿ" ಎನ್ನುತ್ತಿದ್ದೆ. ಇವರು ಹಲ್ಲು ಕಚ್ಚಿಕೊಂಡು ಎಳೆಯುತ್ತಿದ್ದರು. ಅದ್ರಾಮಾಕ ಸ್ಟೀರಿಂಗಿನ ಹಿಂದೆ ಕೂತು ನಗುತ್ತಿದ್ದರು. "ಅಕ್ಕ, ಆರ್‌ಟಿಒ ಆಫೀಸಿನವರು ಇಷ್ಟು ನೋಡುವುದಿಲ್ಲ."

ವರ್ಷಗಳು ಹೀಗೆ ಹೋದವು. ಪಿನ್ನು ಹಾರಲಿಲ್ಲ. ಇವರಿಗೆ ಅದೇ ಒಂದು ಅಸ್ತ್ರ. "ನೋಡು, ಸುಮ್ಮನೆ ಇಷ್ಟು ಭಾರದ ಕಬ್ಬಿಣ ಹೊತ್ತುಕೊಂಡು ತಿರುಗುವುದು. ಏನಾಯ್ತು? ಏನೂ ಇಲ್ಲ." ಏನೂ ಆಗಲಿಲ್ಲ ಎಂಬುದನ್ನು ನನ್ನ ತಪ್ಪಿನ ಹಾಗೆ ಹೇಳುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದ ಮೇಲೆ ಒಮ್ಮೆ ಉಜಿರೆಯಲ್ಲಿ ನನ್ನ ಅಮ್ಮ ಜಾರಿ ಬಿದ್ದು ಹಾಸಿಗೆ ಹಿಡಿದರು. ನಾನು ಹೋಗಿ ಕೆಲವು ದಿನ ಅಲ್ಲೇ ಇರಬೇಕಾಯಿತು. ಹೊರಡುವಾಗ ಇವರಿಗೆ ಹೇಳಿದ್ದು ಒಂದೇ, ಚೈನು. ಇವರು "ಆಯ್ತು, ಆಯ್ತು" ಎಂದ ಧಾಟಿಯಲ್ಲೇ ನನಗೆ ಗೊತ್ತಾಯಿತು, ಹಾಕುವುದಿಲ್ಲ ಎಂದು. ಅಮ್ಮನಿಗೆ ಗಂಜಿ ಕುಡಿಸುತ್ತಾ ಮನಸ್ಸಿನಲ್ಲೇ ಸಿದ್ಧಕಟ್ಟೆಯ ಅಂಗಳದಲ್ಲಿ ನಿಂತು ಬೈದುಕೊಂಡಿದ್ದೆ.

ತಿರುಗಿ ಬಂದಾಗ ಗಂಡ ಗಟ್ಟಿಮುಟ್ಟಾಗಿದ್ದರು. ಮಾತು ಮಾತ್ರ ಸ್ವಲ್ಪ ಕಡಿಮೆ. ಸಂಜೆ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣವನ್ನು ನನ್ನ ಮುಂದೆ ಇಟ್ಟು, "ಇದು ನಿನಗೆ" ಎಂದು ಹೇಳಿ ಹೊರಗೆ ಹೋದರು. ಬಿಚ್ಚಿದರೆ ಒಂದು ಜೊತೆ ಬೆಳ್ಳಿಯ ಕಾಲುಚೈನು. ಅದನ್ನಾದರೂ ಚೆಂದದ್ದು ತರಬಾರದೇ? ಒಂದು ಗೆಜ್ಜೆ ಇಲ್ಲ, ಒಂದು ಹೂವಿನ ಕೆತ್ತನೆ ಇಲ್ಲ. ದನ ಕಟ್ಟುವ ಸರಪಳಿಯ ಹಾಗೆ ದಪ್ಪ ದಪ್ಪ ಕೊಂಡಿಗಳು, ತುದಿಗೆ ದಪ್ಪ ಕೊಕ್ಕೆ. "ತಲೆ ನರೆಯುವ ಹೊತ್ತಿಗೆ ಕಾಲುಚೈನು ಯಾಕೆ? ಇದರಲ್ಲಿ ಜಗಲಿಗೆ ಹೆಂಚು ಹಾಕಿಸಬಹುದಿತ್ತು. ಇಂಥ ಕುರೂಪದ್ದನ್ನು ಯಾವ ಹೆಂಗಸು ಹಾಕ್ತಾಳೆ?" ಎಂದು ಹೊರಗೆ ಕೇಳಿಸುವಂತೆ ಹೇಳಿದೆ. ಅದೇ ಪೇಪರಿನಲ್ಲಿ ಸುತ್ತಿ ಕಪಾಟಿನಲ್ಲಿ ಸೀರೆಯ ಅಡಿಗೆ ಇಟ್ಟೆ. ಆಮೇಲೆ ಹಾಲ್‌ಗಳು ಬಂದವು, ಮನೆಮನೆಗೆ ಇನ್ವರ್ಟರ್ ಬಂತು, ಲೈಟಿನವರನ್ನು ಕೇಳುವವರು ಕಡಿಮೆಯಾದರು. ಟ್ರೈಲರ್ ಫರಂಗಿಪೇಟೆಯ ಒಬ್ಬರಿಗೆ ಮಾರಾಟವಾಯಿತು. ಕೊಡುವಾಗ ಚೈನು ಸಮೇತ ಕೊಟ್ಟೆ, ಹಾಕುವ ಕ್ರಮವನ್ನೂ ಹೇಳಿಕೊಟ್ಟೆ. ತೆಗೆದುಕೊಂಡವರು ನನ್ನ ಮುಖ ನೋಡಿ ಬೇಗ ಹೊರಟುಹೋದರು.

ಈಗ ಮೂಡುಬಿದಿರೆಯ ಹಾಲ್‌ಗೆ ಬನ್ನಿ. ಪಿಕಪ್‌ನ ಡ್ರೈವರ್ ಕೈ ತೊಳೆದುಕೊಂಡು ಬಂದ. ಮೂವತ್ತು ದಾಟಿದ ಗಂಡಸು, ನಗುಮುಖ. ಚೈನು ಎಲ್ಲಿ ಎಂದು ಕೇಳಿದೆ. "ಇಷ್ಟರವರೆಗೆ ಏನೂ ಆಗಲಿಲ್ಲ ಅಮ್ಮ, ದೇವರಿದ್ದಾನೆ" ಎಂದ. ನನಗೆ ಇವರೇ ಪ್ರಾಯದಲ್ಲಿ ಎದುರು ಬಂದು ನಿಂತ ಹಾಗಾಯಿತು. ಶುರು ಮಾಡಿದೆ. ಮಸ್ಕತ್‌ನಿಂದ ಮರಳಿನ ರಾಶಿಯವರೆಗೆ ಬರುವಷ್ಟರಲ್ಲಿ ಮದುಮಗಳ ಅಪ್ಪ ಅದ್ರಾಮಾಕ ಅತ್ತರಿನ ಪರಿಮಳ ಸಮೇತ ಓಡಿ ಬಂದರು. ನನ್ನನ್ನು ಒಳಗೆ ಕರೆದೊಯ್ಯಲು ಬಂದರೆಂದುಕೊಂಡೆ. ಅವರು ಡ್ರೈವರ್‌ನ ಭುಜ ಹಿಡಿದರು.

"ಇವರು ಹೇಳುವುದನ್ನು ಕೇಳು ಮಾರಾಯ. ಇವ್ರ ಚೈನು ಇಲ್ಲದಿದ್ರೆ ಇವರ ಯಜಮಾನ್ರು ಇವತ್ತು ಇಲ್ಲ. ಸಿದ್ಧಕಟ್ಟೆಯ ಏರಿನಲ್ಲಿ ಪಿನ್ನು ತುಂಡಾಗಿ ಹೋಯ್ತು, ಚೈನು ಹಿಡ್ಕೊಂಡಿತು. ಅವರು ಟ್ರೈಲರ್ ಮೇಲೆ. ಹಿಂದೆ ಫುಲ್ ಬಸ್ಸು."

"ಯಾವಾಗ?" ಎಂದೆ.

ಅದ್ರಾಮಾಕ ನಾಲಿಗೆ ಕಚ್ಚಿಕೊಂಡರು. ಆಮೇಲೆ, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂಬಂತೆ, ನಿಧಾನವಾಗಿ ಹೇಳಿದರು. "ನೀವು ಉಜಿರೆಗೆ ಹೋಗಿದ್ರಲ್ಲ ಅಕ್ಕ, ನಿಮ್ಮ ತಾಯಿಗೆ ಹುಷಾರಿಲ್ಲದೆ. ಆಗ. ಹೊರಡುವಾಗ ನಾನೇ ಹೇಳಿದೆ, ಇವತ್ತು ಅಕ್ಕ ಇಲ್ಲ, ಚೈನು ಬೇಡ, ಬೇಗ ಹೋಗುವ ಅಂತ. ಅವರು ನನಗೇ ಬೈದ್ರು. ಹಾಕಿ, ಎಳೆದು ನೋಡಿ, ಮತ್ತೆಯೇ ಹತ್ತಿದ್ದು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಇನ್ನು ಮನೆಯಲ್ಲಿ ನನಗೆ ಬಾಯಿ ಬಿಡಲಿಕ್ಕುಂಟಾ ಅಂತ ಕೇಳಿದ್ರು. ನನ್ನ ಹತ್ರ ಆಣೆ ಹಾಕಿಸಿದ್ರು. ಮರುದಿನ ಇಲ್ಲಿಗೇ, ಮೂಡುಬಿದಿರೆಗೆ ಕರ್ಕೊಂಡು ಬಂದ್ರು, ಅದೇ ಆಚಾರಿಯ ಹತ್ರ. ದೈವಕ್ಕೆ ಕೊಟ್ಟದ್ದೇ ನಮೂನೆ ಬೇಕು, ಆದ್ರೆ ಎರಡು ಬೇಕು ಅಂತ ಹೇಳಿದ್ರು. ಹರಕೆ ಅಂತ ಹೇಳಿದ್ರು. ಯಾರಿಗೆ ಅಂತ ನಾನು ಕೇಳ್ಲಿಲ್ಲ."

ಬಿರಿಯಾನಿ ತಿಂದೆ, ಮದುಮಗಳ ಕೈಗೆ ಉಡುಗೊರೆ ಕೊಟ್ಟೆ, ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸಿಟ್ಟು ಬರುತ್ತಿತ್ತು. ಗೆದ್ದ ಜಗಳವನ್ನು ಸೋತವಳ ಹಾಗೆ ಇಷ್ಟು ವರ್ಷ ಆಡಿದ್ದೇನೆ! ಅದಾದ ಮೇಲೂ ನಾನು ಬಸ್ಸು ತಂದಾಗಲೆಲ್ಲ "ಇರಲಿಲ್ಲವಲ್ಲ" ಎಂದ ಆ ಮನುಷ್ಯನಿಗೆ ಎರಡನೆಯ ಸಲ ಬಸ್ಸು ಇದ್ದದ್ದು ಗೊತ್ತಿತ್ತು. ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತು? ಸಿದ್ಧಕಟ್ಟೆಯ ಏರು ಬಂದಾಗ ಸಿಟ್ಟಿನ ನಡುವೆಯೇ ಅಳು ಬಂತು. ಆ ಏರಿನಲ್ಲಿ ಅವರು ಉಳಿದದ್ದಕ್ಕೆ, ಉಳಿದದ್ದು ನನಗೆ ಗೊತ್ತೇ ಇಲ್ಲದೆ ಹೆಂಚಿನ ಜಗಳ ಮಾಡಿದ್ದಕ್ಕೆ, ಎಲ್ಲದಕ್ಕೂ ಸೇರಿ ಬಂದ ಅಳು. ಪಕ್ಕದ ಸೀಟಿನವರು ಕಿಟಕಿ ಮುಚ್ಚಬೇಕಾ ಎಂದು ಕೇಳಿದರು.

ಮನೆಗೆ ಬಂದಾಗ ಇವರು ಜಗಲಿಯಲ್ಲಿ ಕುರ್ಚಿ ಹಾಕಿ ಪೇಪರ್ ಓದುತ್ತಿದ್ದರು. "ಬಿರಿಯಾನಿ ಹೇಗಿತ್ತು?" ಎಂದರು. ನಾನು ನೇರ ಒಳಗೆ ಹೋಗಿ, ಸೀರೆಯ ಅಡಿಯಿಂದ ಪೊಟ್ಟಣ ತೆಗೆದು ತಂದು, ಅವರ ಪೇಪರಿನ ಮೇಲೆಯೇ ಇಟ್ಟೆ.

ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. "ಅದ್ರಾಮ ಹೇಳಿದನಾ?"

"ಹೇಳಿದರು. ಹಿಂದೆ ಬಸ್ಸು ಇತ್ತಂತೆ."

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಇತ್ತು" ಎಂದರು.

ಇಷ್ಟು ವರ್ಷದಲ್ಲಿ ಆ ಪ್ರಶ್ನೆಗೆ ಮೊದಲ ಸಲ ಸಿಕ್ಕಿದ ಬೇರೆ ಉತ್ತರ ಅದು. ನಾನು ಮೆಟ್ಟಿಲ ಮೇಲೆ ಕೂತು ಕಾಲು ಚಾಚಿದೆ. "ನನಗೆ ಬಗ್ಗಲಿಕ್ಕಾಗುವುದಿಲ್ಲ, ಹಾಕಿ ಕೊಡಿ" ಎಂದೆ. ಮಧ್ಯಾಹ್ನ ಪಾರ್ಕಿಂಗಿನಲ್ಲಿ ಚೆನ್ನಾಗಿಯೇ ಬಗ್ಗಿದ್ದೆ ಎಂದು ನೀವು ಅವರಿಗೆ ಹೇಳಲು ಹೋಗಬೇಡಿ.

"ಈ ಪ್ರಾಯದಲ್ಲಿ ಹೆಂಡತಿಯ ಕಾಲು ಹಿಡಿಸ್ತೀಯಲ್ಲ ಮಾರಾಯ್ತಿ" ಎಂದು ಗೊಣಗುತ್ತಾ, ಮಂಡಿನೋವಿಗೆ ನರಳುತ್ತಾ, ಕುರ್ಚಿಯಿಂದ ಇಳಿದು ಕೆಳಗಿನ ಮೆಟ್ಟಿಲಲ್ಲಿ ಕೂತರು. ಬೆಳ್ಳಿ ಕಪ್ಪಾಗಿತ್ತು, ಕೊಕ್ಕೆ ಬಿಗಿಯಾಗಿತ್ತು. ಒಂದನ್ನು ಸಿಕ್ಕಿಸಿದರು, ಇನ್ನೊಂದನ್ನೂ ಸಿಕ್ಕಿಸಿದರು. ಆಯಿತಲ್ಲ ಎಂದು ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಹೋದೆ.

"ನಿಲ್ಲು" ಎಂದರು. ಚೈನಿಗೆ ಬೆರಳು ಸಿಕ್ಕಿಸಿ, ಎಳೆದು ನೋಡಿದರು.